ಹಳದಿ ಹಸಿರು ಟೋಪಿಯ ಮೇಲೊಂದು ಬಸ್ಸು

“ಏನ್ರೀ, ಸಾಯೋಕೆ ಬೇರೆ ಬಸ್ಸು ಸಿಗಲಿಲ್ವಾ ನಿಮಗೆ?”

ಸಬೀನ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

ಅಕ್ಟೋಬರಿನ ಬೆಳಗಿನ ಮಂಜು ರಸ್ತೆಯ ಮೇಲೆ ಕೆನೆಗಟ್ಟಿದ ಹಾಗೆ ಕೂತಿತ್ತು. ಆ ಮಂಜಿನ ನಡುವೆ, ಬಸ್ಸಿನ ಮೂತಿಗೆ ಮೊಳದಷ್ಟು ದೂರದಲ್ಲಿ ಒಬ್ಬ ಗಂಡಸು ನಿಂತಿದ್ದ. ಎದೆಗೆ ಒಂದು ದೊಡ್ಡ ತಗಡಿನ ಡಬ್ಬ ಅವುಚಿಕೊಂಡಿದ್ದ, ಮಗುವನ್ನು ಅವುಚಿಕೊಂಡ ಹಾಗೆ.

“ಕ್ಷಮಿಸಿ... ನಾನು ಆ ಕಡೆ ನಿಂತಿದ್ದೆ. ಬಸ್ಸು ಈ ಕಡೆ ಬಂತು.”

“ಬಸ್ಸು ದಿನಾ ಇದೇ ಕಡೆ ಬರೋದು! ವೆಸೂಲ್ ಪಟ್ಟಣಕ್ಕೆ ಹೋಗೋರು ಇಲ್ಲಿ ನಿಲ್ಲಬೇಕು ಅಂತ ಎಳೇ ಮಕ್ಕಳಿಗೂ ಗೊತ್ತು.”

“ನಾನು ಎಳೇ ಮಗುವಾಗಿ ಈ ಊರಲ್ಲಿ ಇರಲಿಲ್ಲವಲ್ಲ. ಅದಕ್ಕೇ ಗೊತ್ತಾಗಲಿಲ್ಲ.”

ಬಸ್ಸಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಬೀನಳ ಕಿವಿ ಕೆಂಪಾಯಿತು.

‘ತಪ್ಪು ಮಾಡಿದ್ದೂ ಅಲ್ಲದೆ ನಗಿಸ್ತಾನೆ ಬೇರೆ!’

ಅವನು ಹತ್ತಿ ಅವಳ ಹಿಂದಿನ ಸೀಟಿನಲ್ಲೇ ಕೂತ. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಬ್ಬ ಹೆಂಗಸು ಕಿರುಚಿದಳು. “ಅಯ್ಯೋ! ನನ್ನ ಬೂಟು ಏಳ್ತಾನೇ ಇಲ್ಲ!”

ಬಸ್ಸಿನ ಕುಲುಕಾಟಕ್ಕೆ ಡಬ್ಬದ ಮುಚ್ಚಳ ಸಡಿಲವಾಗಿತ್ತು. ಒಳಗಿದ್ದದ್ದು ಜೇನುತುಪ್ಪ. ಅದು ನಿಧಾನವಾಗಿ, ಯಾರಿಗೂ ಹೇಳದೆ ಕೇಳದೆ, ಬಸ್ಸಿನ ನಡುದಾರಿಯುದ್ದಕ್ಕೂ ಹರಿದುಹೋಗಿತ್ತು!

ಸಬೀನ್ ಹಲ್ಲು ಕಚ್ಚಿದಳು. ಅವಳು ತನ್ನ ಬಸ್ ಡಿಪೋದ ಒಬ್ಬಳೇ ಹೆಣ್ಣು ಡ್ರೈವರ್. ಬಸ್ಸಿಗೆ ಒಂದು ಗೀರು ಬಿದ್ದರೂ ಊರೆಲ್ಲ ಅವಳ ಕಡೆಗೇ ಬೆರಳು ತೋರಿಸುತ್ತಿತ್ತು. ಈಗ ಜೇನು!

ಸಂಜೆ ಡಿಪೋಗೆ ಮರಳಿದರೆ, ಅವನು ಅಲ್ಲಿ ಕಾದು ನಿಂತಿದ್ದ. ಒಂದು ಕೈಲಿ ಬಿಸಿನೀರಿನ ಬಕೆಟ್ಟು, ಇನ್ನೊಂದರಲ್ಲಿ ಬಟ್ಟೆ. ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿತ್ತು.

“ಏನಿದು?”

“ನಾನು ಚೆಲ್ಲಿದ್ದು. ನಾನೇ ಒರೆಸಬೇಕಲ್ವಾ?”

ಮಾತಿಗೆ ತಯಾರಾಗಿದ್ದ ಬೈಗುಳವೆಲ್ಲ ಸಬೀನಳ ನಾಲಿಗೆಯ ಮೇಲೇ ಕರಗಿಹೋಯಿತು...

ಅವನ ಹೆಸರು ಎರ್ವಾನ್. ಸಮುದ್ರದ ಕಡೆಯವನು, ದೇಶದ ಪಡುವಣ ತುದಿಯ ಬ್ರಿಟನಿಯವನು. ವೆಸೂಲಿನಲ್ಲಿ ಮದಾಂ ಜೋಸೆಟ್ ಅವರ ಬೇಕರಿಗೆ ಕೆಲಸಕ್ಕೆ ಬಂದಿದ್ದ. ನಮ್ಮ ಕಡೆ ನವೆಂಬರ್ ಇಪ್ಪತ್ತೈದು ಅಂದರೆ ಸಂತ ಕ್ಯಾತರೀನಳ ದಿನ. ಅವತ್ತಿನ ದೊಡ್ಡ ಸಂತೆಗೆ ಜೇನುರೊಟ್ಟಿಯ ಹಂದಿಮರಿಗಳು ಬೇಕು. ಜೇನು, ಶುಂಠಿ, ಚಕ್ಕೆ ಹಾಕಿದ ಹಿಟ್ಟನ್ನು ಹಂದಿಯ ಆಕಾರಕ್ಕೆ ತಟ್ಟಿ ಸುಟ್ಟ ತಿಂಡಿ. ಬಾಲದ ಜಾಗದಲ್ಲಿ ಒಂದು ಪೀಪಿ, ಬೆನ್ನ ಮೇಲೆ ಸಕ್ಕರೆಪಾಕದಲ್ಲಿ ಬರೆದ ಹೆಸರು. ಯಾರ ಹೆಸರು ಕೇಳಿದರೂ ಬರೆದುಕೊಡಬೇಕು. ಮದಾಂ ಜೋಸೆಟ್‌ಗೆ ಕೈ ನಡುಗುವ ವಯಸ್ಸು. ಅದಕ್ಕೇ ಎರ್ವಾನ್. ಸಂತೆ ಮುಗಿದ ಮಾರನೇ ದಿನ ಅವನ ಕೆಲಸವೂ ಮುಗಿಯುತ್ತಿತ್ತು.

ಅವನು ಬಸ್ಸಿನ ದಾರಿಯ ಹಳ್ಳಿಯಲ್ಲಿ, ಜೇನು ಸಾಕುವವರ ಮನೆಯ ಅಟ್ಟದಲ್ಲಿ ಬಾಡಿಗೆಗಿದ್ದ. ಹಾಗಾಗಿ ದಿನಾ ಬೆಳಗ್ಗೆ ಸಬೀನಳ ಬಸ್ಸು. ದಿನಾ ಅದೇ ಸೀಟು.

ಬಸ್ಸಿನಲ್ಲಿ ಅವಳ ತಲೆಯ ಮೇಲೆ ಒಂದು ಫಲಕ ಇತ್ತು. ‘ಬಸ್ಸು ಓಡುವಾಗ ಡ್ರೈವರ್ ಜೊತೆ ಮಾತಾಡಬೇಡಿ.’ ಅದನ್ನು ಓದುವವರೇ ಇರಲಿಲ್ಲ. ಮುದುಕಿಯರು ತಮ್ಮ ಸೊಸೆಯರ ಕಥೆಯನ್ನೆಲ್ಲ ಅವಳ ಕಿವಿಗೇ ಸುರಿಯುತ್ತಿದ್ದರು. ಎರ್ವಾನ್ ಮಾತ್ರ ಓದಿದ್ದ. ಅವನು ಬಸ್ಸು ನಿಂತಾಗ ಮಾತ್ರ ಬಾಯಿ ಬಿಡುತ್ತಿದ್ದ!

ಗಿರಣಿ ಸ್ಟಾಪಿನಲ್ಲಿ: “ನಿನ್ನೆ ಒಂದು ಹಂದಿಗೆ ಮೂರು ಕಿವಿ ಬಂತು.”

ಬಸ್ಸು ಹೊರಟಿತು. ಸಬೀನ್ ಗೇರ್ ಬದಲಿಸುತ್ತಾ ಕಾದಳು. ಸೇತುವೆ ದಾಟಿ, ಚರ್ಚಿನ ಸ್ಟಾಪಿನಲ್ಲಿ ನಿಂತಿತು.

“ಮದಾಂ ಜೋಸೆಟ್ ಕೇಳಿದ್ರು, ಇದೇನಪ್ಪಾ ಅಂತ.”

ಮತ್ತೆ ಹೊರಟಿತು. ಎರಡು ಮೈಲಿ ದಾರಿ, ಹೊಲಗಳು, ಬೋಳು ಮರಗಳು... ಅವಳಿಗೆ ತಡೆಯಲಾಗಲಿಲ್ಲ. ಯಾರೂ ಕೈ ತೋರಿಸದಿದ್ದರೂ ಶಾಲೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದಳು.

“ಏನಂದಿರಿ ಅದಕ್ಕೆ?”

“ಒಂದು ಕಿವಿ ಡ್ರೈವರಮ್ಮನಿಗೆ ಅಂದೆ.”

ಅವನು ಕಾಗದದ ಪೊಟ್ಟಣದಲ್ಲಿ ಸುತ್ತಿದ ಆ ಕಿವಿಯನ್ನು ಅವಳ ಕಡೆ ಚಾಚಿದ. ಇನ್ನೂ ಮೆತ್ತಗಿತ್ತು. ಬಾಯಿಗೆ ಹಾಕಿಕೊಂಡರೆ ಜೇನು, ಶುಂಠಿ... ಮತ್ತೆ ಇನ್ನೇನೋ. ಹೆಸರಿಲ್ಲದ್ದು.

ದಿನಗಳು ಹೀಗೆ ಓಡಿದವು. ‘ನೀವು’ ಹೋಗಿ ‘ನೀನು’ ಆಯಿತು. ಯಾವ ಸ್ಟಾಪಿನಲ್ಲಿ ಆಯಿತೋ ಇಬ್ಬರಿಗೂ ನೆನಪಿಲ್ಲ.

ಆದರೆ ಸಬೀನಳ ಎದೆಯಲ್ಲಿ ಒಂದು ಅಳುಕಿತ್ತು.

ಈ ವರ್ಷ ಅವಳಿಗೆ ಇಪ್ಪತ್ತೈದು. ಮದುವೆಯಾಗದೆ ಇಪ್ಪತ್ತೈದು ತುಂಬಿದ ಹುಡುಗಿಗೆ ಸಂತ ಕ್ಯಾತರೀನಳ ದಿನ ಜೊತೆಗಾರರೆಲ್ಲ ಸೇರಿ ಒಂದು ಟೋಪಿ ಮಾಡಿಕೊಡುತ್ತಾರೆ. ಹಳದಿ, ಹಸಿರು ಬಣ್ಣದ ಭಾರೀ ಟೋಪಿ. ಹುಡುಗಿ ಏನು ಕೆಲಸ ಮಾಡುತ್ತಾಳೋ, ಏನೇನು ಹುಚ್ಚಾಟ ಆಡಿದ್ದಾಳೋ, ಎಲ್ಲ ಅದರ ಮೇಲೆ ಇರುತ್ತದೆ. ಗುಟ್ಟಾಗಿ ಮಾಡುತ್ತಾರೆ. ಬೆಳಗ್ಗೆ ತಲೆಗೇರಿಸಿದರೆ ಸಂಜೆತನಕ ಇಳಿಸುವಂತಿಲ್ಲ. ಊರೆಲ್ಲ ಕೆನ್ನೆಗೆ ಮುತ್ತಿಟ್ಟು ನಗುತ್ತದೆ.

ಅದಕ್ಕೆಲ್ಲ ಸಬೀನ್ ಹೆದರುವವಳಲ್ಲ. ಅವಳ ಅಳುಕೇ ಬೇರೆ.

ಅವಳ ಮನೆಯ ಹೆಂಗಸರಲ್ಲಿ ಒಂದು ನಂಬಿಕೆ. ಟೋಪಿ ಮಾಡುವುದಕ್ಕೆ ಕೈ ಹಾಕಿದ ಗಂಡಸು ಆ ಹುಡುಗಿಯನ್ನು ಮದುವೆಗೆ ಕೇಳುವುದಿಲ್ಲ. ಕೇಳುವ ಮನಸ್ಸಿದ್ದವನು ಆ ದಿನಕ್ಕೆ ಮುಂಚೆಯೇ ಕೇಳುತ್ತಾನೆ. ಇಲ್ಲವೇ ಟೋಪಿಯಿಂದ ದೂರ ನಿಂತು, ಸಂಜೆ ಅದನ್ನು ಇಳಿಸಿದ ಮೇಲೆ ಕೇಳುತ್ತಾನೆ. ಚಿಕ್ಕಮ್ಮ ತೆರೇಸ್‌ಗೆ ಹಾಗೇ ಆಗಿತ್ತು. ಎರಡು ವರ್ಷ ಜೊತೆಯಲ್ಲಿ ಕುಣಿದ ಕಟುಕರ ಮನೆಯ ಹುಡುಗ, ಅವಳ ಟೋಪಿಗೆ ಒಂದು ಹುಂಜದ ಗರಿ ಹೊಲಿದುಕೊಟ್ಟ. ಒಂದು ಮಾತೂ ಆಡಲಿಲ್ಲ. ಚಿಕ್ಕಮ್ಮ ಗರಿ ನೋಡಿದಳು, ಅರ್ಥ ಮಾಡಿಕೊಂಡಳು, ಅವತ್ತಿಡೀ ನಕ್ಕಳು. ಆಮೇಲೆ ಯಾರ ಜೊತೆಯೂ ಕುಣಿಯಲಿಲ್ಲ.

‘ಅವನು ಕೇಳ್ತಾನೆ,’ ಅಂದುಕೊಳ್ಳುತ್ತಿದ್ದಳು ಸಬೀನ್. ‘ಹೋಗೋದ್ರೊಳಗೆ ಕೇಳೇ ಕೇಳ್ತಾನೆ...’

ಸಂತೆಗೆ ಒಂದು ವಾರ ಇರುವಾಗ ಎರ್ವಾನ್ ಚರ್ಚಿನ ಸ್ಟಾಪಿನಲ್ಲಿ ಏನೋ ಹೇಳಲು ಹೋದ. “ಸಬೀನ್, ನಿನಗೊಂದು ವಿಷಯ...” ಕಿವಿಯವರೆಗೂ ಕೆಂಪಾದ. ಬಸ್ಸು ಅಲ್ಲೇ ನಿಂತಿತ್ತು. ಅವಳು ಹೊರಡಿಸಲೇ ಇಲ್ಲ.

“ಹೂಂ? ಹೇಳು.”

“ಇಲ್ಲ... ಸಂತೆ ದಿನ ನಿನಗೇ ಗೊತ್ತಾಗುತ್ತೆ.”

ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. “ಏನಮ್ಮಾ, ಟೈರಿಗೆ ಬೇರು ಬಿಡ್ತಾ?”

ಸಬೀನ್ ನಗುತ್ತಾ ಬಸ್ಸು ಓಡಿಸಿದಳು. ಅವತ್ತು ಬೋಳು ಮರಗಳೂ ಹೂ ಬಿಟ್ಟ ಹಾಗೆ ಕಂಡವು ಅವಳಿಗೆ!

ಹಬ್ಬದ ಬೆಳಗ್ಗೆ ಡಿಪೋದ ಬಾಗಿಲು ತೆಗೆದರೆ, ಡ್ರೈವರುಗಳೆಲ್ಲ ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ಮುಂದೆ ಗಾಸ್ಟನ್, ಡಿಪೋದ ಹಿರಿಯ. ಅವಳಿಗೆ ದೊಡ್ಡ ಬಸ್ಸಿನ ಸ್ಟೀರಿಂಗ್ ಹಿಡಿಯಲು ಕಲಿಸಿದವನು. ಅವನ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಗೋಪುರದಂಥದ್ದೇನೋ.

“ಕಣ್ಣು ಮುಚ್ಚು ಮಗಳೇ.”

“ಮುಚ್ಚಿದ್ರೆ ನೀವು ಏನು ಮಾಡ್ತೀರೋ ಅಂತ ಭಯ.”

“ಮುಚ್ಚೇ ಅಂದ್ರೆ! ಇಪ್ಪತ್ತೈದು ವರ್ಷ ಆದ್ರೂ ಮಾತು ಕೇಳಲ್ಲ, ಅದಕ್ಕೇ ಯಾರೂ ಮದುವೆ ಆಗಲಿಲ್ಲ.”

ಎಲ್ಲರೂ ಹೋ ಎಂದರು. ತಲೆಯ ಮೇಲೆ ಭಾರ ಬಿತ್ತು. ಯಾರೋ ಕನ್ನಡಿ ಹಿಡಿದರು.

ಸಬೀನ್ ಕಣ್ಣು ಬಿಟ್ಟಳು. ಹಳದಿ ರಿಬ್ಬನ್ನಿನ ಮಳೆ. ಹಸಿರು ಉಣ್ಣೆಯ ಬೆಟ್ಟ. ಅದರ ಸುತ್ತ ಹಳೆಯ ಟಿಕೆಟ್ಟುಗಳ ಹಾರ. ಅವಳು ಹಿಂದೊಮ್ಮೆ ಗೋಡೆಗೆ ಗುದ್ದಿ ಮುರಿದ, ಬಸ್ಸಿನ ಪಕ್ಕದ ಕನ್ನಡಿ. ಅವಳಿಗೆ ನಗು ಉಕ್ಕಿ ಬಂತು... ಆಮೇಲೆ ಬೆಟ್ಟದ ತುದಿಗೆ ಕಣ್ಣು ಹೋಯಿತು.

ಅಲ್ಲೊಂದು ಪುಟ್ಟ ಬಸ್ಸು ನಿಂತಿತ್ತು. ಜೇನುರೊಟ್ಟಿಯ ಬಸ್ಸು. ಸಕ್ಕರೆಯ ಕಿಟಕಿಗಳು. ಮುಂದೆ ಸ್ಟೀರಿಂಗ್ ಹಿಡಿದ ಒಂದು ಹೆಣ್ಣುಗೊಂಬೆ. ಅವಳ ಹಿಂದಿನ ಸೀಟಿನಲ್ಲಿ ಒಂದು ಗಂಡುಗೊಂಬೆ.

“ಚೆನ್ನಾಗಿದೆ ಅಲ್ವಾ?” ಗಾಸ್ಟನ್ ಎದೆಯುಬ್ಬಿಸಿದ. “ನಿನ್ನ ಬ್ರಿಟನಿ ಹುಡುಗ ಮಾಡಿದ್ದು. ಇಲ್ಲೇ ಕೂತು ತಾನೇ ಹೊಲಿದು ಕೂರಿಸಿದ, ಪಾಪ. ಸೂಜಿ ಹಿಡಿಯೋಕೆ ಬರಲ್ಲ, ಬೆರಳೆಲ್ಲ ಚುಚ್ಚಿಕೊಂಡ.”

ಸಬೀನಳ ತುಟಿಯ ಮೇಲಿನ ನಗು ಹಾಗೇ ಇತ್ತು.

‘ಅವನ ಕೈಯೂ ಟೋಪಿಯ ಮೇಲೆ... ಸಂತೆ ದಿನ ಗೊತ್ತಾಗುತ್ತೆ ಅಂದಿದ್ದು ಇದೇನಾ?’

ಅವನು ತನ್ನನ್ನು ಎಲ್ಲಿ ಕೂರಿಸಿಕೊಂಡಿದ್ದಾನೆ ನೋಡಿ. ಹಿಂದಿನ ಸೀಟಿನಲ್ಲಿ. ಪ್ರಯಾಣಿಕ! ತನ್ನ ಸ್ಟಾಪು ಬಂದಾಗ ಇಳಿದು ಹೋಗುವವನು. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

“ತುಂಬಾ... ತುಂಬಾ ಚೆನ್ನಾಗಿದೆ,” ಅಂದಳು.

ಅವತ್ತು ಅವಳು ಸೀಟಿನಲ್ಲಿ ಅರ್ಧ ಜಾರಿ ಕೂತು ಬಸ್ಸು ಓಡಿಸಿದಳು. ಇಲ್ಲದಿದ್ದರೆ ಟೋಪಿ ಚಾವಣಿಗೆ ತಗಲುತ್ತಿತ್ತು. ಪ್ರತಿ ಸ್ಟಾಪಿನಲ್ಲೂ ಚಪ್ಪಾಳೆ, ಮುತ್ತು. “ಇವತ್ತು ಒಬ್ಬನನ್ನ ಹಿಡಿದು ಹಾಕಿಕೊಂಡು ಬಾರೇ!” ಅವಳು ಎಲ್ಲರಿಗೂ ನಕ್ಕಳು. ಹಿಂದಿನ ಸೀಟು ಖಾಲಿ. ಎರ್ವಾನ್ ಹಿಂದಿನ ದಿನವೇ ಸಂತೆಗೆ ಹೋಗಿ ಮಳಿಗೆ ಕಟ್ಟುತ್ತಿದ್ದ.

ಚಿಕ್ಕಮ್ಮ ತೆರೇಸ್ ಅವತ್ತಿಡೀ ಹೇಗೆ ನಕ್ಕಿದ್ದಳು ಅಂತ ಸಬೀನಳಿಗೆ ಈಗ ಗೊತ್ತಾಯಿತು.

ಪಾಳಿ ಮುಗಿಸಿ ಬಂದರೆ, ಸಂತೆಯ ತುಂಬ ಕುದುರೆ, ಹಸು, ಸುಟ್ಟ ಮಾಂಸದ ಹೊಗೆ, ಬಿಸಿ ದ್ರಾಕ್ಷಾರಸದ ಘಮ. ಎಲ್ಲಿ ನೋಡಿದರೂ ಮಕ್ಕಳು ಹಂದಿಯ ಬಾಲ ಬಾಯಿಗಿಟ್ಟು ಪೀಪಿ ಊದುತ್ತಿದ್ದರು. ಸಣ್ಣಗೆ ಮಳೆ ಶುರುವಾಗಿತ್ತು.

ಮದಾಂ ಜೋಸೆಟ್ ಅವರ ಮಳಿಗೆಯ ಮುಂದೆ ಜನ ಮುತ್ತಿಕೊಂಡಿದ್ದರು. ಎರ್ವಾನ್ ಬಗ್ಗಿ ಹೆಸರು ಬರೆಯುತ್ತಿದ್ದ. ತಲೆಯೆತ್ತಿದವನು ಟೋಪಿ ನೋಡಿದ. ಅವನ ಮುಖ ಬೆಳಗಿತು.

‘ಹೀಗೆ ಬೆಳಗಬೇಡ,’ ಅಂದುಕೊಂಡಳು ಸಬೀನ್. ‘ನನಗೆ ಕಷ್ಟವಾಗುತ್ತೆ.’

ಅವಳು ನೆಟ್ಟಗೆ ನಿಂತು, ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತು ಹೇಳಿದಳು. “ಬಸ್ಸು ನೋಡಿದೆ. ಬಹಳ ಚೆನ್ನಾಗಿ ಮಾಡಿದ್ದೀರಿ. ನೀವು ಹೇಳಬೇಕೆಂದಿದ್ದು ಅರ್ಥವಾಯ್ತು.”

“ಅರ್ಥವಾಯ್ತಾ?” ಅವನು ಬರೆಯುವುದನ್ನು ನಿಲ್ಲಿಸಿದ. “ಮತ್ತೆ... ನೀನು ಏನಂತೀಯಾ?”

“ಅನ್ನೋಕೇನಿದೆ? ನಿಮಗೆ ಒಳ್ಳೇದಾಗಲಿ. ನಾಳೆ ಊರಿಗೆ ಸುಖವಾಗಿ ಹೋಗಿಬನ್ನಿ.”

ಪಾಕದ ಕೊಳವೆ ಅವನ ಕೈಯಲ್ಲಿ ಹಾಗೇ ಹಿಂಡಿಹೋಯಿತು. ಯಾರದೋ ಹೆಸರಿನ ಮೇಲೆ ಸಕ್ಕರೆಯ ಗುಡ್ಡೆ ಬಿತ್ತು.

“‘ನೀವು’ ಅಂದೆಯಲ್ಲ,” ಅಂದ ಮೆಲ್ಲಗೆ. “ಸರಿ... ಆಯ್ತು.”

ಅವಳು ತಿರುಗಿ ನಡೆದಳು. ಹೆಜ್ಜೆ ಎಲ್ಲಿಡುತ್ತಿದ್ದಾಳೆಂದು ಅವಳಿಗೇ ತಿಳಿಯಲಿಲ್ಲ.

ಟೋಪಿಗಳ ಸ್ಪರ್ಧೆಯ ವೇದಿಕೆಯ ಹಿಂದೆ ಹಳದಿ ಹಸಿರು ಹುಡುಗಿಯರೆಲ್ಲ ಸೇರಿದ್ದರು. ಒಬ್ಬಳ ತಲೆಯ ಮೇಲೆ ಹೊಲಿಗೆ ಯಂತ್ರ, ಇನ್ನೊಬ್ಬಳ ತಲೆಯ ಮೇಲೆ ಕೋಳಿಗೂಡು. ಗಾಸ್ಟನ್ ಸಬೀನಳಿಗಾಗಿ ಛತ್ರಿ ಹಿಡಿದು ಕಾಯುತ್ತಿದ್ದ. ಆದರೆ ಮಳೆ ಆಗಲೇ ತನ್ನ ಕೆಲಸ ಮಾಡಿತ್ತು. ಸಕ್ಕರೆ ಕರಗಿ ಅವಳ ಹಣೆಯಿಂದ ಕೆನ್ನೆಗೆ ಇಳಿಯುತ್ತಿತ್ತು.

“ಅಯ್ಯೋ, ಬಸ್ಸು ಸೋರ್ತಿದೆ!” ಅಂದವನು ಅವಳ ಮುಖ ನೋಡಿ ಛತ್ರಿ ಹತ್ತಿರ ಹಿಡಿದ. “ಮಗಳೇ... ಇದೆಲ್ಲಾ ಸಕ್ಕರೆನೇನಾ?”

ಸಬೀನ್ ಮುಖ ಆಚೆ ತಿರುಗಿಸಿದಳು.

“ಏನಾಯ್ತೇ? ಆ ಹುಡುಗ ಕೇಳಲಿಲ್ವಾ ಇನ್ನೂ?”

“ಏನು ಕೇಳೋದು?”

“ಅದೇ! ಹುಡುಗಿಗೆ ಮನಸ್ಸು ಹೇಳಬೇಕು, ನಿಮ್ಮೂರಲ್ಲಿ ಹೇಗೆ ಹೇಳ್ತಾರೆ ಅಂತ ನನ್ನ ಪ್ರಾಣ ತಿಂದ. ನಾನಂದೆ, ಅವತ್ತು ಅವಳಿಗೆ ಟೋಪಿಗಿಂತ ಮುಖ್ಯವಾದದ್ದು ಇಲ್ಲ ಕಣಪ್ಪಾ, ಏನು ಹೇಳೋದಿದ್ರೂ ಅದರ ತುದಿಯಲ್ಲಿ ಇಟ್ಟುಬಿಡು ಅಂತ. ಒಳ್ಳೇ ಉಪಾಯ ಅಲ್ವಾ?”

ಸಬೀನ್ ಅವನನ್ನೇ ದಿಟ್ಟಿಸಿದಳು. “ಗಾಸ್ಟನ್! ಟೋಪಿಗೆ ಕೈ ಹಾಕಿದ ಗಂಡಸು ಹುಡುಗಿಯನ್ನ ಕೇಳೋದಿಲ್ಲ ಅಂತ... ನಿಮಗೆ ಗೊತ್ತಿಲ್ವಾ?”

“ಹಾಂ? ಯಾರು ಹೇಳಿದ್ದು?”

“ಎಲ್ಲರೂ! ಅಮ್ಮ, ಅಜ್ಜಿ, ಚಿಕ್ಕಮ್ಮ...”

“ಅವರು ನಿನಗೆ ಹೇಳಿದ್ದಾರೆ. ನಮಗೆ ಯಾರು ಹೇಳಿದ್ರು?” ಗಾಸ್ಟನ್ ಛತ್ರಿ ಇಳಿಸಿ ತಲೆ ಕೆರೆದುಕೊಂಡ. “ಲೋ ದೇವರೇ. ನನ್ನ ಹೆಂಡತಿಯ ಟೋಪಿಗೆ ಗುಂಡಿಗಳೆಲ್ಲ ನಾನೇ ಹೊಲಿದಿದ್ದೆ! ಅದಕ್ಕೇನಾ ಅವಳು ನಾನು ಕೇಳಿದಾಗ ಎರಡು ಸಲ ಬೆಚ್ಚಿಬಿದ್ದದ್ದು?”

ಸಬೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಇಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಇಲ್ಲೇ ತಲೆ ನೆರೆತ ಗಾಸ್ಟನ್‌ಗೇ ಗೊತ್ತಿಲ್ಲ! ಇನ್ನು ಸಮುದ್ರದ ಕಡೆಯಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು? ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡ ಮಾತು. ಗಂಡಸರ ಕಿವಿಗೆ ಬೀಳದ ಮಾತು. ಪಾಪ, ಆ ಕಟುಕರ ಮನೆಯ ಹುಡುಗ ಕೂಡ...

ಚಿಕ್ಕಮ್ಮ ಅವತ್ತು ಅವನನ್ನು ಒಂದು ಮಾತು ಕೇಳಿದ್ದರೆ...

‘ಬೆರಳು ಚುಚ್ಚಿಕೊಂಡು ಹೊಲಿದನಂತೆ. ಮಾತು ಬರದೆ ಬಸ್ಸು ಮಾಡಿದ. ಅದಕ್ಕೆ ನಾನೇನಂದೆ? ಸುಖವಾಗಿ ಹೋಗಿಬನ್ನಿ ಅಂದೆ!’

ವೇದಿಕೆಯಿಂದ ಅವಳ ಹೆಸರು ಕೂಗಿದರು. ಸಬೀನ್ ಎರಡು ಕೈಯಲ್ಲೂ ಟೋಪಿ ಹಿಡಿದುಕೊಂಡು ಎದುರು ದಿಕ್ಕಿಗೆ ಓಡಿದಳು.

“ಅಲ್ಲಲ್ಲ, ವೇದಿಕೆ ಈ ಕಡೆ!” ಗಾಸ್ಟನ್ ಕೂಗಿದ. ಆಮೇಲೆ ಅವಳು ಹೋಗುವ ದಿಕ್ಕು ನೋಡಿ ಛತ್ರಿ ಮೇಲೆತ್ತಿ ಬೀಸಿದ. “ಓಡು ಮಗಳೇ! ಓಡು!”

ಹಸುಗಳ ನಡುವೆ ನುಗ್ಗಿದಳು. ಒಂದು ಹೋರಿ ಹಳದಿ ರಿಬ್ಬನ್ನಿಗೆ ಬಾಯಿ ಹಾಕಿತು. ಯಾರೋ “ಮೆಲ್ಲಗಮ್ಮಾ, ಗಂಡ ಎಲ್ಲೂ ಓಡಿಹೋಗಲ್ಲ!” ಅಂದರು.

ಮಳಿಗೆಯಲ್ಲಿ ಹಂದಿಗಳು ಮುಗಿದಿದ್ದವು. ಎರ್ವಾನ್ ತಾಡಪಾಲಿನ ಹಗ್ಗ ಬಿಚ್ಚುತ್ತಿದ್ದ. ಮದಾಂ ಜೋಸೆಟ್ ಕುರ್ಚಿಯಲ್ಲಿ ಕೂತು ಗೊಣಗುತ್ತಿದ್ದರು. “ಚಳಿಗಾಲಕ್ಕೂ ಇರಪ್ಪಾ ಅಂತ ಬೆಳಗ್ಗೆ ಕೇಳಿದಾಗ ನೋಡ್ತೀನಿ ಅಂದ. ಈಗ ಇಲ್ಲ ಅಂತಾನೆ. ಏನು ತಲೆಯೋ ಈ ಬ್ರಿಟನಿಯವರದು!”

ಸಬೀನ್ ಏದುಸಿರು ಬಿಡುತ್ತಾ ಬಂದು ನಿಂತಳು. ಎರ್ವಾನ್ ಹಗ್ಗ ಕೈಬಿಟ್ಟ.

“ಆ ಬಸ್ಸಿನಲ್ಲಿ...” ಅವಳು ಟೋಪಿಯ ತುದಿಗೆ ಬೆರಳು ತೋರಿದಳು. “ಹಿಂದಿನ ಸೀಟಿನಲ್ಲಿ ಕೂತಿರೋನು. ಅವನು ಯಾವ ಸ್ಟಾಪಿನಲ್ಲಿ ಇಳೀತಾನೆ?”

ಎರ್ವಾನ್ ಅವಳನ್ನು ನೋಡಿದ. ಸಕ್ಕರೆ ಸುರಿಯುವ ಮುಖ, ಹೋರಿ ಅಗಿದ ರಿಬ್ಬನ್ನು, ವಾಲಿದ ಕನ್ನಡಿ.

“ಇಳಿಯಲ್ಲ,” ಅಂದ. “ಅದನ್ನೇ ಹೇಳೋಣ ಅಂತ ಮಾಡಿದ್ದು. ಬಾಗಿಲೇ ಇಟ್ಟಿಲ್ಲ, ನೋಡಲಿಲ್ವಾ ನೀನು?”

ಸಬೀನ್ ಕಣ್ಣು ಮುಚ್ಚಿಕೊಂಡಳು. ಕಿಟಕಿ ನೋಡಿದ್ದಳು, ಗೊಂಬೆ ನೋಡಿದ್ದಳು. ಬಾಗಿಲು ಇಲ್ಲದ್ದು ಮಾತ್ರ ನೋಡಿರಲಿಲ್ಲ...

ಅಲ್ಲೇ ನಿಂತು, ಬಿಕ್ಕುತ್ತಾ, ನಗುತ್ತಾ, ಎಲ್ಲ ಹೇಳಿದಳು. ಅಜ್ಜಿಯ ಮಾತು, ಚಿಕ್ಕಮ್ಮನ ಗರಿ, ಬೆಳಗಿನಿಂದ ಹೊತ್ತ ಭಾರ. ಕೇಳುತ್ತಾ ಕೇಳುತ್ತಾ ಎರ್ವಾನ್‌ನ ಬಾಯಿ ತೆರೆದುಕೊಂಡಿತು.

“ಅಂದರೆ ನಾನು ನಿನ್ನನ್ನ ಮದುವೆ ಆಗಲ್ಲ ಅಂತ... ಸೂಜಿ ದಾರದಲ್ಲಿ ಹೊಲಿದುಬಿಟ್ಟಿದ್ದೀನಾ?”

“ಹೂಂ! ಅದೂ ಊರೆಲ್ಲ ನೋಡೋ ಹಾಗೆ!”

“ಮದಾಂ, ನಿಮಗೆ ಗೊತ್ತಿತ್ತಾ ಇದು?”

ಮದಾಂ ಜೋಸೆಟ್ ಕೈ ಎತ್ತಿ ಹಣೆಗೆ ಬಡಿದುಕೊಂಡರು. “ಗೊತ್ತಿಲ್ಲದೆ ಏನು? ಹೆಂಗಸರಿಗೆಲ್ಲ ಗೊತ್ತು! ಟೋಪಿಗೆ ಮಾಡ್ತಿದ್ದೀನಿ ಅಂತ ನೀನು ಹೇಳಿದೆಯಾ ನನಗೆ? ಗುಟ್ಟು ಗುಟ್ಟು ಅಂತ ಒಲೆ ಹಿಂದೆ ಬಚ್ಚಿಟ್ಟುಕೊಂಡು ಮಾಡಿದೆ. ದಡ್ಡ!”

ಎರ್ವಾನ್ ಮಳಿಗೆಯ ಹಲಗೆ ದಾಟಿ ಮಳೆಗೆ ಬಂದ. ಅವಳ ಎದುರು ನಿಂತ.

“ಈಗೇನು ಮಾಡೋದು? ಇದಕ್ಕೆ ನಿಮ್ಮೂರಲ್ಲಿ ಪರಿಹಾರ ಇಲ್ವಾ?”

“ಇದೆ,” ಅಂದಳು ಸಬೀನ್. “ಹೊಲಿದವನೇ ಬಿಚ್ಚಬೇಕು.”

“ಈ ನಿಯಮ ಯಾವಾಗಿಂದ?”

“ಈಗಿಂದ.”

ಅವಳು ತಲೆ ಬಗ್ಗಿಸಿದಳು. ಅವನು ಕೈ ಚಾಚಿ ದಾರದ ಗಂಟು ಹುಡುಕಿದ. ಒದ್ದೆ ಗಂಟು, ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದ. ಮಳೆಯಲ್ಲಿ ಮೆತ್ತಗಾದ ಬಸ್ಸು ಅವನ ಅಂಗೈಗೆ ಕುಸಿದು ಬಿತ್ತು, ಗೊಂಬೆಗಳೆರಡೂ ಒಂದಕ್ಕೊಂದು ಅಂಟಿಕೊಂಡು.

ಸುತ್ತ ಪೀಪಿಗಳ ಸದ್ದು, ಹಸುಗಳ ಕೂಗು. ಇಬ್ಬರಿಗೂ ಕೇಳಿಸಲಿಲ್ಲ.

“ಸಬೀನ್... ನನ್ನನ್ನ ಮದುವೆ ಆಗ್ತೀಯಾ?”

“ಆಗ್ತೀನಿ.”

“ಇಷ್ಟು ಬೇಗ? ಸಂಜೆ ಟೋಪಿ ಇಳಿಸೋತನಕ ಕಾಯಬೇಡ್ವಾ?”

“ಬೆಳಗಿನಿಂದ ಕಾದಿದ್ದು ಸಾಲದಾ?”

ಅವನು ಒದ್ದೆ ತೋಳಿನಿಂದ ಅವಳ ಕೆನ್ನೆಯ ಸಕ್ಕರೆ ಒರೆಸಿದ. ಅದು ಇನ್ನಷ್ಟು ಮೆತ್ತಿಕೊಂಡಿತು. ಇಬ್ಬರೂ ನಕ್ಕರು.

“ಆದರೆ ನಾಳೆ ಬೆಳಗಿನ ರೈಲಿಗೆ ನನ್ನ ಟಿಕೆಟ್ ಆಗಿದೆಯಲ್ಲ.”

“ಸ್ಟೇಷನ್ನಿಗೆ ಹೋಗೋ ಬಸ್ಸು ಯಾರದು?”

“ನಿನ್ನದು.”

“ನಾಳೆ ಅದು ಸ್ಟೇಷನ್ನಿನಲ್ಲಿ ನಿಲ್ಲಲ್ಲ,” ಅಂದಳು ಸಬೀನ್, ಅವನ ಎದೆಗೆ ಹಣೆ ಆನಿಸಿ.

“ನಿಂತರೂ,” ಅಂದ ಎರ್ವಾನ್, “ನಾನು ಇಳಿಯಲ್ಲ ಬಿಡು.”